ಗಾಲಿಯ ಹಿಂದಿನ ಕಂಬಳಿ

ಹೊಸ ರಬ್ಬರಿನ ವಾಸನೆ ನನಗೆ ಆಗಿಬರುವುದಿಲ್ಲ. ಮೊನ್ನೆ ಮೊಮ್ಮಗ ತನ್ನ ಲಾರಿಯ ಹಿಂದಿನ ಗಾಲಿಗಳಿಗೆ ಕಟ್ಟಲೆಂದು ಎರಡು ಜೋಡಿ ರಬ್ಬರ್ ಪಟ್ಟಿ ತಂದು ನಾನು ಕುಳಿತ ಕಟ್ಟೆಯ ಮೇಲೆಯೇ ಹರವಿದ. ಗಾಲಿಯಿಂದ ಸಿಡಿಯುವ ಕೆಸರು ತಡೆಯಲು ತೂಗಬಿಡುವ ಪಟ್ಟಿ ಅವು. ಒಂದು ಜೋಡಿ ಬರೀ ಕಪ್ಪು. ಇನ್ನೊಂದರ ಮೇಲೆ ನವಿಲು ಬರೆಸಿದ್ದ.

“ಆಯಿ, ಯಾವ್ದು ಕಟ್ಟಲಿ, ನೀನ ಹೇಳು.”

“ಯಾವ್ದರೆ ಕಟ್ಟು. ನನ್ನ ಪೆಟಗಿಗೆ ಮಾತ್ರ ಕೈ ಹಾಕಬ್ಯಾಡ” ಎಂದೆ.

ಮುದುಕಿಗೆ ಅರಳುಮರುಳು ಎಂದುಕೊಂಡನೋ ಏನೋ, ನಕ್ಕು ನವಿಲಿನ ಪಟ್ಟಿ ಎತ್ತಿಕೊಂಡು ಹೋದ. ಬಿಸಿಲಿಗೆ ಕಾದ ರಬ್ಬರಿನ ನಾತ ಸಂಜೆಯವರೆಗೂ ಕಟ್ಟೆಯ ಮೇಲೆ ಉಳಿದಿತ್ತು.

ಕೆಸರಿನ ಪಟ್ಟಿ ಎಂದರೆ ನನಗೆ ನೆನಪಾಗುವವನು ಒಬ್ಬನೇ, ನನ್ನ ಗಂಡನ ಅಪ್ಪ, ನಮ್ಮ ಮಾವ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು, ಹಿರಿಯರನ್ನು ‘ಅವರು’ ಎನ್ನಬೇಕು ಎನ್ನುತ್ತಾರೆ. ಅವನು ಬದುಕಿರುವ ತನಕ ತಲೆಯ ಮೇಲಿನ ಸೆರಗು ಜಾರದಂತೆ ಮರ್ಯಾದೆ ಕೊಟ್ಟಿದ್ದೇನೆ. ಅದೆಲ್ಲ ಖರ್ಚಾಗಿ ಹೋಗಿದೆ. ಈಗ ನನ್ನ ಹತ್ತಿರ ಉಳಿದಿರುವುದು ‘ಅವನು’ ಮಾತ್ರ. ನಾನು ಅಕ್ಷರ ಕಲಿತದ್ದೇ ಮುದುಕಿಯಾದ ಮೇಲೆ, ಮೊಮ್ಮಕ್ಕಳ ಪಾಟಿ ಕಸಿದುಕೊಂಡು. ಕಲಿತ ಅಕ್ಷರ ಆ ಮಾವನಿಗೂ ಸ್ವಲ್ಪ ತಾಗಲಿ.

ನಾನು ಬೇವೂರಿನವಳು. ಬಾದಾಮಿಗೆ ಕೊಟ್ಟರು. ಮಾವನದು ಟಾಂಗಾ. ಸ್ಟೇಷನ್ನಿನಲ್ಲಿ ಇಳಿದವರನ್ನು ಊರೊಳಗೆ ತರುವುದು, ಮಹಾಕೂಟಕ್ಕೆ ಹೋಗುವವರನ್ನು ಅಲ್ಲಿಗೆ ಮುಟ್ಟಿಸುವುದು, ಇದೇ ಅವನ ಕಾಯಕ. ಮಂದಿಗೆ ಅವನೆಂದರೆ ಪ್ರಾಣ. ಮುದುಕರನ್ನು ಕೈಹಿಡಿದು ಹತ್ತಿಸುತ್ತಿದ್ದ, ಕುದುರೆಗೆ ಹಾಕದೆ ತಾನು ಉಣ್ಣುತ್ತಿರಲಿಲ್ಲ. ಇಂದಿಗೂ ಹಳಬರು ಸಿಕ್ಕರೆ “ನಿಮ್ಮ ಮಾವ ಭಾಳ ಚಲೋ ಮನಷ್ಯಾ ಬಿಡ್ರಿ” ಎನ್ನುತ್ತಾರೆ. ನಾನು ಹೂಂ ಎಂದು ಎಲೆಗೆ ಸುಣ್ಣ ಹಚ್ಚುತ್ತೇನೆ. ಊರಿಗೆ ಉಪಕಾರಿ, ಮನೆಗೆ ಮಾರಿ. ನನ್ನನ್ನು ಅವನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ, ಮಗಳೇ ಎನ್ನಲಿಲ್ಲ. ನಾನು ಅವನಿಗೆ ಕಡೆಯವರೆಗೂ ‘ಬೇವೂರಾಕಿ’.

ನಮ್ಮದು ಬೀರಪ್ಪನ ಒಕ್ಕಲು. ಅಪ್ಪ ಕುರಿ ಕಾಯುತ್ತಿದ್ದ, ಕಂಬಳಿ ನೇಯುತ್ತಿದ್ದ. ಉಣ್ಣೆ ನೂಲುವುದು ಅವ್ವ. ನನ್ನ ಮದುವೆಗೆಂದು ಅವ್ವ ಒಂದು ಕಂಬಳಿಗೆ ಆಗುವಷ್ಟು ಕರಿ ಉಣ್ಣೆಯನ್ನು ಬೇರೆ ತೆಗೆದಿಟ್ಟು, ಕೂದಲಿನಷ್ಟು ಸಣ್ಣಗೆ ನೂತಳು. ನೂಲಿಗೆ ಹುಣಸೆಬೀಜದ ಗಂಜಿ ಹಾಕಿ ಅಪ್ಪ ನೇಯ್ದ. ಆ ಗಂಜಿಯಿಂದ ಕಂಬಳಿ ಹಲಗೆಯಂತೆ ಬಿರುಸಾಗಿ ನಿಲ್ಲುತ್ತದೆ, ಮಳೆಯ ನೀರು ಒಳಗೆ ಇಳಿಯದೆ ಜಾರಿ ಹೋಗುತ್ತದೆ. ನಮ್ಮವರಿಗೆ ಕಂಬಳಿಯೆಂದರೆ ಬರೀ ಹೊದಿಕೆ ಅಲ್ಲ. ದೇವರ ಗದ್ದುಗೆಗೆ ಅದನ್ನೇ ಹಾಸುವುದು. ಕೆರ ಮೆಟ್ಟಿದ ಕಾಲು ಅದಕ್ಕೆ ತಾಗಬಾರದು. ಮದುಮಕ್ಕಳನ್ನು ಅದರ ಮೇಲೆ ಕೂರಿಸುತ್ತಾರೆ. ನನ್ನ ತವರಿನಲ್ಲಿ ಇನ್ನೊಂದು ಪದ್ಧತಿ ಇತ್ತು. ಹುಟ್ಟಿದ ಕೂಸು ನೆಲಕ್ಕೆ ತಾಗುವ ಮೊದಲೇ ತಾಯಿಯ ತವರಿನ ಕಂಬಳಿಯ ಮೇಲೆ ಮಲಗಿಸಿ ಹಣೆಗೆ ಭಂಡಾರದ ಅರಿಸಿನ ಹಚ್ಚಬೇಕು. ನನ್ನನ್ನೂ ಹಾಗೆಯೇ ಮಲಗಿಸಿದ್ದರಂತೆ.

ಮದುವೆಯಾದ ಮರುವರ್ಷ ಪ್ಲೇಗು ಬಂತು. ಬೇವೂರಿನವರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಅವ್ವನೂ ಅಪ್ಪನೂ ಅಲ್ಲಿಯೇ ತೀರಿಹೋದರು, ಒಬ್ಬರ ಹಿಂದೆ ಒಬ್ಬರು. ಹಾಸಿಗೆ, ಬಟ್ಟೆ, ಮಗ್ಗ, ನೂಲು ಎಲ್ಲವನ್ನೂ ಸುಟ್ಟರು. ನನ್ನನ್ನು ಹತ್ತಿರ ಬಿಡಲಿಲ್ಲ... ದೂರದಿಂದ ಹೊಗೆ ನೋಡಿಕೊಂಡು ಬಂದೆ. ಅವ್ವನದು ಅಂತ ಭೂಮಿಯ ಮೇಲೆ ಉಳಿದದ್ದು ಬಾದಾಮಿಯಲ್ಲಿ ನನ್ನ ಪೆಟ್ಟಿಗೆಯೊಳಗಿದ್ದ ಆ ಕಂಬಳಿ ಒಂದೇ. ಅವ್ವನ ನೆನಪಾದಾಗ ಪೆಟ್ಟಿಗೆ ತೆರೆದು ಮೂಸುತ್ತಿದ್ದೆ. ಹುಣಸೆಯ ಹುಳಿವಾಸನೆ, ಕುರಿಯ ವಾಸನೆ, ಎರಡೂ ಕೂಡಿದರೆ ಅವ್ವ.

ಆ ಮಳೆಗಾಲದಲ್ಲಿ ಮಾವನ ಟಾಂಗಾದಲ್ಲಿ ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬ ಹೊಸ ಹೆಂಡತಿಯನ್ನು ಕರೆದುಕೊಂಡು ಮಹಾಕೂಟಕ್ಕೆ ಹೋದ. ಟಾಂಗಾದ ಗಾಲಿಯ ಮೇಲೆ ಕೆಸರು ತಡೆಯಲು ಮರದ ಬಾಗು ಇತ್ತು, ಆದರೆ ಹಿಂದಿನ ತುದಿ ಗಿಡ್ಡ. ಹಿಂದೆ ಕುಳಿತವರಿಗೆ ಕೆಂಪು ಕೆಸರಿನ ಅಭಿಷೇಕ. ಹುಡುಗಿಯ ಸೀರೆಯ ಸೆರಗೆಲ್ಲ ಹಾಳಾಯಿತು. ವ್ಯಾಪಾರಿ ತಿರುಗಿ ಬಂದು, ಸ್ಟೇಷನ್ನಿನಲ್ಲಿ ಉಳಿದ ಟಾಂಗಾದವರೆಲ್ಲ ಕೇಳುವಂತೆ ಮಾವನಿಗೆ ಬಾಯಿಗೆ ಬಂದದ್ದು ಬೈದ. ನಾಲ್ಕು ಮಂದಿಯಲ್ಲಿ ಮಾನ ಹೋದದ್ದು ಮಾವನಿಗೆ ಅರಗಲಿಲ್ಲ.

ಅಂದಿನಿಂದ ಅವನಿಗೆ ಕೆಸರಿನದೇ ಹುಚ್ಚು. ಬಾಗಿನ ತುದಿಗೆ ಮೊದಲು ಗೋಣಿತಟ್ಟು ಕಟ್ಟಿದ. ಅದು ನೀರು ಕುಡಿದು ಜೋತುಬಿದ್ದು ಗಾಲಿಯ ಕಡ್ಡಿಗಳಿಗೆ ಸುತ್ತಿಕೊಂಡಿತು. ತಗಡು ಬಡಿಸಿದ. ಅದರ ಸದ್ದಿಗೆ ಕುದುರೆ ಬೆದರಿ ಗಟಾರಕ್ಕೆ ಇಳಿಯಿತು. ತೊಗಲು ತಂದ. ಮಳೆಗೆ ತೊಯ್ದು ಬಿಸಿಲಿಗೆ ಒಣಗಿ ಸುರುಟಿಕೊಂಡಿತು, ಮೇಲೆ ನಾತ ಬೇರೆ. ಊಟಕ್ಕೆ ಕುಳಿತರೂ ಅದೇ ಮಾತು. “ಬಿರುಸೂ ಇರಬೇಕು, ಬಾಗಲೂ ಬೇಕು, ನೀರೂ ಕುಡೀಬಾರದು” ಎಂದು ರೊಟ್ಟಿ ಮುರಿಯುತ್ತ ಗೊಣಗುತ್ತಿದ್ದ. ಮನೆಯಲ್ಲಿ ಅಂಥದ್ದೊಂದು ಇದೆಯೆಂದು ಅವನಿಗೆ ಯಾವಾಗ ಹೊಳೆಯಿತೋ ಗೊತ್ತಿಲ್ಲ. ನಾನಂತೂ ಬಾಯಿ ಬಿಟ್ಟಿರಲಿಲ್ಲ.

ನನಗಾಗ ದಿನ ತುಂಬುತ್ತ ಬಂದಿತ್ತು. ನೀರಿಗೆ ಹೋಗಿ ಬರುವಷ್ಟರಲ್ಲಿ ಅಂಗಳದಲ್ಲಿ ನನ್ನ ಕಂಬಳಿ ಹಾಸಿತ್ತು. ಟಾಂಗಾಗಳಿಗೆ ಗಾದಿ, ಹೊದಿಕೆ ಹೊಲಿಯುವ ಸಾಬರು ಅದರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದರು. ಕತ್ತರಿ ನೆಲದ ಮೇಲಿತ್ತು.

“ಇದು ನಿಮ್ಮ ದೇವರ ಮುಂದ ಹಾಸೂದಲ್ಲೇನೋ? ಇದಕ್ಕ ನಾ ಕತ್ತರಿ ಹಚ್ಚೂದಿಲ್ಲ” ಎಂದು ಅವರು ಅನ್ನುತ್ತಿದ್ದರು.

“ಹಚ್ಚಬ್ಯಾಡ ಬಿಡು” ಎಂದು ಮಾವ ಒಳಗಿನಿಂದ ಕುಡುಗೋಲು ತಂದ.

ಕೊಡ ಇಳಿಸುವುದನ್ನೂ ಮರೆತು ಅಂದೆ, “ಮಾವಾರ, ಅದು ನಮ್ಮವ್ವಂದ್ರಿ. ಕೂಸಿಗೆ ಬೇಕ್ರಿ.”

ಅವನು ತಲೆ ಎತ್ತಲಿಲ್ಲ. “ಈ ಮನಿಗೆ ಬಂದದ್ದೆಲ್ಲ ಈ ಮನೀದು. ನಿಮ್ಮವ್ವ ಎದ್ದು ಬಂದು ಹೊದ್ಕೋತಾಳೇನು?”

ಹುಣಸೆಯ ಗಂಜಿ ಕುಡಿದ ಕಂಬಳಿ ಸುಲಭಕ್ಕೆ ಕೊಯ್ಯಿಸಿಕೊಳ್ಳುವುದಿಲ್ಲ. ಅವನು ಒಂದು ಅಂಚನ್ನು ಕಾಲಿನಲ್ಲಿ ತುಳಿದುಕೊಂಡು ಕರಕರ ಕೊಯ್ದ. ಕಾಲಿನಲ್ಲಿ ಕೆರ ಇತ್ತು. ಸಾಬರು ಎದ್ದು ಹೋದರು. ನನ್ನ ಗಂಡ ಕುದುರೆಯ ಗೊರಸನ್ನು ತಿಕ್ಕುತ್ತ ಕುಳಿತಿದ್ದ. ಆ ಗೊರಸು ಅಂದು ಎಷ್ಟು ಬೆಳ್ಳಗಾಯಿತೋ ದೇವರೇ ಬಲ್ಲ. ಗಂಡನನ್ನು ಆಮೇಲೆ ಕ್ಷಮಿಸಿದೆ. ಮಾವನನ್ನು ಇಲ್ಲ.

ಕಂಬಳಿ ಚೆನ್ನಾಗಿ ಕೆಲಸ ಮಾಡಿತು. ನನಗೆ ಇಂದಿಗೂ ಹೊಟ್ಟೆ ಉರಿಯುವುದು ಅದಕ್ಕೇ. ಮಡಿಸಿ ಎರಡು ಪದರ ಮಾಡಿ, ಬಾಗಿನ ತುದಿಗೆ ಮೊಳೆ ಹೊಡೆದು ತೂಗಬಿಟ್ಟರೆ ಒಂದು ಹನಿ ಕೆಸರು ಆಚೆ ದಾಟಲಿಲ್ಲ. ಸ್ಟೇಷನ್ನಿನ ಟಾಂಗಾದವರೆಲ್ಲ ಬಂದು ಮುಟ್ಟಿ ನೋಡಿದರು. ಹೊಗಳಿಕೆ ಕೇಳಿದರೆ ಮಾವನ ಕೈ ದೊಡ್ಡದು. “ತಗೋ ಲೇ, ನೀನೂ ಕಟ್ಕೋ” ಎಂದು ಉಳಿದ ಕಂಬಳಿಯನ್ನು ತುಂಡು ತುಂಡು ಮಾಡಿ ಎಲ್ಲರಿಗೂ ಹಂಚಿಬಿಟ್ಟ. ಎತ್ತ ನೋಡಿದರೂ ಒಂದು ಟಾಂಗಾ, ಅದರ ಹಿಂದೆ ಕರಿ ಕಂಬಳಿಯ ತುಂಡು. ಊರ ತುಂಬ ನಮ್ಮವ್ವ ಕೆಸರು ತಿನ್ನುತ್ತಿದ್ದಳು.

ಹೆರಿಗೆಯ ನೋವು ಬಂದ ಬೆಳಿಗ್ಗೆ ಟಾಂಗಾ ಇನ್ನೂ ಅಂಗಳದಲ್ಲೇ ಇತ್ತು. ಗೋಡೆ ಹಿಡಿದು ಹೊರಗೆ ಬಂದೆ. ಕುಡುಗೋಲಿನ ತುದಿಯಿಂದ ಒಂದು ಬದಿಯ ಮೊಳೆಗಳನ್ನು ಎಬ್ಬಿಸಿ ತುಂಡನ್ನು ಕಿತ್ತುಕೊಂಡೆ. ಮಾವ ನೋಡಿದ, ಬಾಯಿ ತೆರೆದ. “ಇದನ್ನ ಕಸಗೊಂಡ್ರ ಇಲ್ಲೇ, ಈ ಅಂಗಳದಾಗ ಹಡೀತೇನಿ. ಮಂದಿ ನೋಡ್ಲಿ” ಎಂದೆ. ಮಂದಿ ಎಂದ ಕೂಡಲೇ ಅವನ ಬಾಯಿ ಮುಚ್ಚಿತು. ಅವನ ಜೀವ ಎಲ್ಲಿತ್ತೆಂದು ಅಷ್ಟರಲ್ಲಿ ನನಗೆ ತಿಳಿದಿತ್ತು.

ತೊಳೆಯಲು ಹೊತ್ತು ಸಿಗಲಿಲ್ಲ. ಕೊಡವಿ, ಮಡಿಕೆ ಬಿಚ್ಚಿ ಹಾಸಿದೆವು. ಬಿಚ್ಚಿದರೂ ಎಷ್ಟಾದೀತು... ಕೂಸಿನ ತಲೆ, ಬೆನ್ನು, ಕುಂಡಿ ಕಂಬಳಿಯ ಮೇಲೆ, ಎರಡು ಪುಟ್ಟ ಕಾಲು ನೆಲದ ಮೇಲೆ. ಹಣೆಗೆ ಭಂಡಾರ ಹಚ್ಚಿದೆ. ಮಾವ ಬಾಗಿಲಲ್ಲಿ ಬಗ್ಗಿ ಮೊಮ್ಮಗನನ್ನು ನೋಡಿ ಹಲ್ಲು ಬಿಟ್ಟ. ಆಮೇಲೆ ಕೆಳಗೆ ನೋಡಿ ಮೂಗು ಮುರಿದ.

“ಇಂಥಾ ಹೊಲಸ ಕಂಬಳಿ ಮ್ಯಾಲ ಯಾಕ ಮಲಗಿಸಿದಿ, ಬೇವೂರಾಕಿ?”

ಅವನು ಚೇಷ್ಟೆಗೆ ಅಂದದ್ದಲ್ಲ. ಖರೆ ಖರೆ ಕೇಳಿದ. ಆ ಕಂಬಳಿ ಹೊಲಸಾದದ್ದು ಹೇಗೆಂದು ಅವನಿಗೆ ನೆನಪೇ ಇರಲಿಲ್ಲ. ಅಂದೇ ಕೊನೆ, ಅವನೊಡನೆ ನಾನು ಮಾತಾಡಲಿಲ್ಲ. ರೊಟ್ಟಿ ಬಡಿಸಿದೆ, ಜ್ವರ ಬಂದಾಗ ಕಷಾಯ ಕುದಿಸಿದೆ, ಮಾತು ಕೊಡಲಿಲ್ಲ. ಅವನು ಅದನ್ನೂ ಗಮನಿಸಿರಲಿಕ್ಕಿಲ್ಲ. ಸೊಸೆ ಭಾಳ ಸೌಮ್ಯ ಎಂದು ಮಂದಿಯ ಮುಂದೆ ಹೊಗಳುತ್ತಿದ್ದನಂತೆ.

ಅವನು ಸತ್ತಾಗ ಹೆಣದ ಕೆಳಗೆ ಹಾಸಲು ಕಂಬಳಿ ಬೇಕೆಂದರು. ಹೊಸದು ತರಿಸಿದೆ, ಇಡೀ ಕಂಬಳಿ, ಕಾಲು ಹೊರಗೆ ಬೀಳದ ಹಾಗೆ. ನನ್ನ ಕೈಯಾರೆ ಕೊಡವಿ ಹಾಸಿದೆ. ಕಣ್ಣೀರು ಬಂತೇ ಎಂದು ಕೇಳಬೇಡಿ.

ಆ ತುಂಡು ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಅಂಚಿನಲ್ಲಿ ಮೊಳೆಯ ತೂತು. ಮಗನ ನಂತರ ಮನೆಯಲ್ಲಿ ಹುಟ್ಟಿದ ಕೂಸುಗಳೆಲ್ಲ, ಈ ಲಾರಿಯವನೂ ಸೇರಿ, ಮೊದಲು ಮಲಗಿದ್ದು ಅದರ ಮೇಲೆಯೇ, ಕಾಲು ನೆಲಕ್ಕೆ ಬಿಟ್ಟು. ಮೊನ್ನೆ ಅವನು ಪಟ್ಟಿ ಕಟ್ಟಿ ಲಾರಿ ಹೊರಡಿಸಿದ ಮೇಲೆ ಪೆಟ್ಟಿಗೆ ತೆರೆದು ಮೂಸಿದೆ. ಅದನ್ನು ಎಷ್ಟು ಸಲ ಒಗೆದೆನೋ, ಎಷ್ಟು ಸಲ ಬಿಸಿಲಿಗೆ ಹಾಕಿದೆನೋ. ಹುಣಸೆಯ ವಾಸನೆ ಇಲ್ಲ, ಕುರಿಯ ವಾಸನೆ ಇಲ್ಲ. ಮಹಾಕೂಟದ ದಾರಿಯ ಮಣ್ಣು, ಕುದುರೆಯ ಬೆವರು, ಅವನು ಗಾಲಿಗೆ ಬಳಿಯುತ್ತಿದ್ದ ಕೀಲೆಣ್ಣೆ...

ಅವ್ವನ ಮುಖ ಈಗ ಸರಿಯಾಗಿ ಕಣ್ಣಿಗೆ ಕಟ್ಟುವುದಿಲ್ಲ. ಮೂಗುತಿ ಬಲಕ್ಕಿತ್ತೋ ಎಡಕ್ಕಿತ್ತೋ ಎಂದು ಗೊಂದಲ. ಕೇಳೋಣವೆಂದರೆ ಅವಳನ್ನು ಕಂಡವರು ಯಾರೂ ಉಳಿದಿಲ್ಲ. ಮಾವ ಮಾತ್ರ ಮೀಸೆಯ ನರೆಗೂದಲು ಸಹಿತ ಎದುರಿಗೆ ಬಂದು ನಿಲ್ಲುತ್ತಾನೆ.

ಅವ್ವನ ಬಗ್ಗೆ ನಾಲ್ಕು ಮಾತು ಬರೆದಿಡೋಣವೆಂದು ಮೊಮ್ಮಗನಿಂದ ಕಾಗದ ತರಿಸಿದ್ದೆ. ಕಾಗದ ಮುಗಿಯಿತು.