ಮೋಟಾರಿನ ತಾಳಕ್ಕೆ ಮಾತಾಡಿದವಳು

ಆ ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿಟ್ಟು, ಬಟ್ಟೆಯ ಬಕೆಟ್ಟು ಹಿಡಿದು ಮಹಡಿ ಹತ್ತಿದೆ. ಗಾಳಿ ಯಾವ ಕಡೆಯದೆಂದು ಮೊದಲು ನೋಡಿಕೊಂಡೆ. ತಮಿಳುನಾಡಿನ ಕಂಬಂ ಸುತ್ತ ದ್ರಾಕ್ಷಿತೋಟದ ಪಕ್ಕ ಸಂಸಾರ ಮಾಡುವವರಿಗೆಲ್ಲ ಇದು ರೂಢಿ. ತೋಟಕ್ಕೆ ಮರುಂದು, ಅಂದರೆ ಹುಳುವಿನ ಔಷಧಿ, ಹೊಡೆಯುವ ದಿನ ನಾವು ಬಟ್ಟೆ ಹೊರಗೆ ಹಾಕುವುದಿಲ್ಲ. ಕೆಳಗಿಳಿದರೆ ಅಡುಗೆಮನೆಯಲ್ಲಿ ನನ್ನನ್ನು ಚಿತ್ತಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಎದುರುಮನೆಯ ಚಿತ್ರಾ, ತಿರುಗುತ್ತಿದ್ದ ನನ್ನ ಗ್ರೈಂಡರಿನ ಸದ್ದು ಹಿಡಿಯಲು ಮೊಬೈಲು ಚಾಚಿ ನಿಂತಿದ್ದಾಳೆ.

"ಚಿತ್ತಿ, ನಿಲ್ಸ್‌ಬ್ಯಾಡ. ಕಲ್ಲು ಸುತ್ತಿಗೊಂದ್ ಸಲ ಕೆಮ್ಮುತ್ತೆ, ಕೇಳು."

ನಿಜ. ಇಷ್ಟು ವರ್ಷ ಅದರಲ್ಲೇ ಹಿಟ್ಟು ರುಬ್ಬಿದ ನನಗೆ ಆ ಕೆಮ್ಮು ಕೇಳಿಸಿರಲಿಲ್ಲ.

ದಿಂಡಿಗಲ್ಲಿನ ಕಾನ್ವೆಂಟಿನಲ್ಲಿ ಸಿಸ್ಟರುಗಳ ಮುಂದೆ ಸಾಲಾಗಿ ನಿಂತು ಹಾಡಿದವಳು ನಾನು. ಹಾಡೆಂದರೆ ರಾಗ ಎಂದೇ ತಿಳಿದಿದ್ದೆ. ಚಿತ್ರಾ ಹಾಡುತ್ತಿರಲಿಲ್ಲ. ಚೆನ್ನೈಯ ಬಾಡಿಗೆ ಕೋಣೆಯಲ್ಲಿ ಕೂತು, ಹಿಡಿದು ತಂದ ಸದ್ದುಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಕತ್ತರಿಸಿ ಜೋಡಿಸಿ, ಮಿಲ್ಲಿನಂತೆ ಬಡಿಯುವ ತಾಳ ಮಾಡಿ, ಅದರ ಮೇಲೆ ಬರೀ ಮಾತಾಡುತ್ತಿದ್ದಳು. ಅದೂ ಹೊಸಿಲು ದಾಟಿದ ಕೂಡಲೇ ನಾವು ತಮಿಳಿಗೆ ಹೊರಳಿ ಮರೆತುಬಿಡುವ ನಮ್ಮ ಮನೆಗನ್ನಡದಲ್ಲಿ. ಕೂಲಿ, ಜಾತಿ, ಹೆಂಗಸರ ಬೆನ್ನುನೋವು ಎಲ್ಲ ಸೇರಿಸಿ ಒಂದಿಡೀ ಆಲ್ಬಂ ಮಾಡಿದ್ದಳು.

"ಅಲ್ಲಿ ಕೈ ತಟ್ತಾರೆ ಚಿತ್ತಿ, ಒಂದ್ ಮಾತೂ ಪುರಿಯಲ್ಲ ಅವ್ರಿಗೆ. ಅರ್ಥ ಆಗೋ ನೀವು ಕೇಳಲ್ಲ."

ಅಂದು ಅವಳು ಊರಿಗೆ ಬಂದದ್ದು ಅವ್ವನ ವರ್ಷದ ತಿಥಿಗೆ. ನಾಗಮ್ಮ ಸ್ವಂತ ಅಣ್ಣನ ದ್ರಾಕ್ಷಿತೋಟದಲ್ಲಿ ಔಷಧಿಯ ಪೈಪು ಎಳೆಯುತ್ತಿದ್ದವಳು. ಬಳ್ಳಿ ಹಬ್ಬುವುದು ತಲೆಯ ಮೇಲಿನ ಚಪ್ಪರಕ್ಕೆ; ಮೇಲಕ್ಕೆ ಹೊಡೆದದ್ದೆಲ್ಲ ಕೆಳಗಿದ್ದವರ ಮುಖಕ್ಕೇ ಇಳಿಯುತ್ತದೆ. ಸೀರೆಯ ಮೇಲೆ ಗಂಡನ ಹಳೇ ಶರಟು ತೊಟ್ಟು, ಕತ್ತಿನ ಗುಂಡಿಯನ್ನೂ ಹಾಕಿಕೊಂಡು ಹೋಗುತ್ತಿದ್ದಳು. ಒಂದು ಸಂಜೆ ಬಾಯಲ್ಲಿ ನೊರೆಯೊಂದಿಗೆ ಹೊತ್ತು ತಂದರು, ಉಳಿಯಲಿಲ್ಲ. ಎದೆನೋವು ಎಂದು ಮನೆಯವರೆಲ್ಲ ಒಂದೇ ಬಾಯಲ್ಲಿ ಹೇಳಿದರು. ಒಡಹುಟ್ಟಿದವನ ತೋಟವಲ್ಲವೆ. ಅಪ್ಪನ ಬಾಯಿಂದ ಒಮ್ಮೆಯಾದರೂ ನಿಜ ಕೇಳಬೇಕು, ಚಿತ್ರಾಳಿಗೆ ಅದೊಂದೇ ಹಟ.

ಮಧ್ಯಾಹ್ನ ಅವರ ಮನೆಯಲ್ಲಿ ಎಲೆ ಹಾಕಿ ಬಡಿಸುವಾಗ, ಭಕ್ತಿಗೀತೆಗೆಂದು ತಂದಿದ್ದ ಸ್ಪೀಕರಿಗೆ ಅವಳು ತನ್ನ ಮೊಬೈಲು ಜೋಡಿಸಿದಳು. ಔಷಧಿ ಹೊಡೆಯುವ ಮೋಟಾರು ಬಡಿಯತೊಡಗಿತು. ಅದರೊಳಗಿಂದ ಅವಳ ದನಿ, ಏರಿಳಿತವಿಲ್ಲದೆ: "ಬಟ್ಟೆ ಒಳಗೆ. ಅವ್ವ ಹೊರಗೆ. ಬಟ್ಟೆ ಒಳಗೆ. ಅವ್ವ ಹೊರಗೆ."

ಸೋದರಮಾವ ಎಲೆ ಬಿಟ್ಟು ಎದ್ದ. "ಇದೇನ್ ಪಾಟ್ಟಾ, ಹಾಡಾ? ಬರೀ ಮೋಟಾರ್ ಸದ್ದು!"

"ಮೋಟಾರ್ ನಿಮ್ದೇ ಮಾವ. ನಿಮ್ ತೋಟ್ದಾಗೇ ಹಿಡ್ದಿದ್ದು."

ಅವನು ವೈರು ಕಿತ್ತ. ಅವಳು ಸೌಟು ತೆಗೆದುಕೊಂಡು, ಖಾಲಿ ಪಾತ್ರೆಗೆ ಅದೇ ತಾಳ ಬಡಿಯುತ್ತ ಉಳಿದ ಮಾತು ಮುಗಿಸಿದಳು. ಉಣ್ಣುವವರು ಉಣ್ಣುತ್ತಲೇ ಇದ್ದರು. ಆಮೇಲೆ ಅಪ್ಪನ ಎಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಅಪ್ಪಾ, ನೀ ಹೇಳು. ಎದೆನೋವಾ?"

ಅವನು ಅನ್ನದ ನಡುವೆ ಗುಳಿ ಮಾಡಿದ. ತಲೆ ಎತ್ತಲಿಲ್ಲ. "ರಸಂ ಹಾಕ್, ತಾಯಿ," ಎಂದ.

ಅವಳೇ ಹಾಕಿದಳು, ಚೆಲ್ಲದಂತೆ.

ಬಿಸಿಲು ಇಳಿಯುವ ಮೊದಲೇ ಶೇರ್ ಆಟೋ ಹತ್ತಿದಳು. ಆಗ ನೋಡಿದೆ: ಅವಳು ತೊಟ್ಟದ್ದು ಅದೇ ಹಳೇ ಶರಟು, ಒಗೆದು ಇಸ್ತ್ರಿ ಮಾಡಿದ್ದು. ತೋಳಿನ ಮೇಲಿನ ಔಷಧಿಯ ನೀಲಿ ಕಲೆ ಹೋಗಿರಲಿಲ್ಲ. ಅದಾದ ಮೇಲೆ ಅವಳು ಊರಿಗೆ ಬಂದಿಲ್ಲ.

ಆ ಸಂಜೆ ನಾನು ಒಣಗಿದ ಬಟ್ಟೆ ಮಡಚುತ್ತಿದ್ದೆ. ಪಕ್ಕದ ಮನೆಯ ಪಾಪಕ್ಕ ಗೋಡೆಯಾಚೆಯಿಂದ ಕೂಗಿ ಹೇಳಿದಳು:

"ಅಕ್ಕಾ, ನಾಳೆ ಮರುಂದು ಹೊಡೀತಾರಂತೆ. ಬಟ್ಟೆ ಒಳಗ್ ಹಾಕ್ಕೋ."