ಬೀಗ ಹಾಕಿದ ಅಲಮಾರಿ

ಪುಣೆಯ ನಮ್ಮ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ ಒಂದು ಕಬ್ಬಿಣದ ಅಲಮಾರಿ ಇತ್ತು. ಅದು ನಮ್ಮದಲ್ಲ, ಮನೆಯೊಡತಿಯದು. ಬೆಳಗಾವಿ ಕಡೆಯವರು, ಗಂಡ ತೀರಿಕೊಂಡ ಮೇಲೆ ಹತ್ತಿರದ ತಳೇಗಾಂವದಲ್ಲಿದ್ದ ಮಗಳ ಮನೆಗೆ ಹೋಗಿದ್ದರು. ಕನ್ನಡದವರು ಎಂದು ನಮಗೆ ಮನೆ ಕೊಡುವಾಗ ಒಂದೇ ಕರಾರು ಹಾಕಿದ್ದರು: "ಇದೊಂದು ಇಲ್ಲೇ ಇರಲಿ. ಕೀಲಿ ನನ್ನ ಹತ್ರ ಅದ." ನಾವು ಗಂಡ ಹೆಂಡತಿ ಇಬ್ಬರೇ ಇದ್ದಾಗ ಅದರಿಂದ ಏನೂ ತೊಂದರೆಯಿರಲಿಲ್ಲ. ಅದರ ಮೇಲೆ ನಮ್ಮ ಸೂಟ್‌ಕೇಸು ಇಟ್ಟು ಮರೆತಿದ್ದೆವು.

ಧಾರವಾಡದ ತವರಿನಲ್ಲಿ ಬಾಣಂತನ ಮುಗಿಸಿ ಮಗಳೊಂದಿಗೆ ಮರಳಿದಾಗ ಅವಳಿಗೆ ಕತ್ತು ನಿಂತಿತ್ತು. ಇದ್ದ ಒಂದೇ ಮಲಗುವ ಕೋಣೆಯಲ್ಲಿ ಮಂಚ, ತೊಟ್ಟಿಲು, ಡಯಾಪರಿನ ಬುಟ್ಟಿ, ಒಣಗದ ಲಂಗೋಟಿಗಳ ಹಗ್ಗ ಎಲ್ಲವೂ ಹಿಡಿಸಬೇಕಿತ್ತು. ತಿಳಿಹಳದಿ ಪರದೆ ಹೊಲಿಸಿದೆ. ಗೋಡೆಗೆ ಬಟ್ಟೆಯ ಗಿಳಿಗಳ ಮಾಲೆ ತೂಗುಹಾಕಿದೆ. ತೊಟ್ಟಿಲನ್ನು ಕಿಟಕಿಯ ಬಳಿ ಇಟ್ಟರೆ ಎದುರು ಏಳುತ್ತಿದ್ದ ಕಟ್ಟಡದ ಧೂಳು. ಬಾಗಿಲ ಬಳಿ ಇಟ್ಟರೆ ಬಾಗಿಲೇ ಪೂರ್ತಿ ತೆರೆಯದು. ಉಳಿದದ್ದು ಅಲಮಾರಿಯ ಪಕ್ಕದ ಜಾಗವೊಂದೇ. ಅಲ್ಲಿ ತೊಟ್ಟಿಲು ಇಟ್ಟು, ಮಗಳನ್ನು ಮಲಗಿಸಲು ಬಗ್ಗಿದಾಗ ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಅಲಮಾರಿಯ ಸಂದಿಯಿಂದ ಬರುತ್ತಿತ್ತು.

ಲಸಿಕೆಗೆ ಹೋದಾಗ ಡಾಕ್ಟರನ್ನು ಕೇಳಿದೆ. ಅದು ಕೂಸುಗಳಿಗೆ ಒಳ್ಳೆಯದಲ್ಲ, ದೂರ ಇಡಿ ಎಂದರು. ಬೀಗ ಹಾಕಿದ್ದನ್ನು ದೂರ ಇಡುವುದು ಹೇಗೆ? ಸಂದಿಗಳಿಗೆಲ್ಲ ಟೇಪು ಹಚ್ಚಿದೆ. ತೊಟ್ಟಿಲನ್ನು ಪಡಸಾಲೆಗೆ ತಂದು, ಮಂಚವನ್ನು ಆಚೆ ಗೋಡೆಗೆ ತಳ್ಳಿದೆ. ಆದರೂ ಮಗಳು ಸ್ವಲ್ಪ ಕೆಮ್ಮಿದರೆ ಸಾಕು, ಎದ್ದು ಅಲಮಾರಿಯನ್ನು ಮೂಸಿ ನೋಡುತ್ತಿದ್ದೆ. ಮನೆಯೊಡತಿಗೆ ಫೋನು ಮಾಡಿದಾಗಲೆಲ್ಲ ಅದೇ ಉತ್ತರ.

"ಕಾಕೂ, ಒಮ್ಮೆ ಬಂದು ತೆರದು ಆ ಗುಳಗಿ ತಗೀರಿ."

"ಬರ್ತೀನವ್ವಾ. ಮುಂದಿನ ವಾರ ಬಂದೇ ಬರ್ತೀನಿ."

ವಾರಗಳು ಕಳೆದವು. ಮಗಳು ತೆವಳಿದಳು, ಅಂಬೆಗಾಲಿಟ್ಟಳು, ಸಿಕ್ಕಿದ್ದನ್ನು ಹಿಡಿದು ಏಳತೊಡಗಿದಳು. ಆಗ ನನಗೆ ಎರಡನೆಯ ಭಯ ಹುಟ್ಟಿತು: ಅಲಮಾರಿ ಅವಳ ಮೇಲೆ ಮಗುಚಿದರೆ? ನೆಲ ಸಮವಿರಲಿಲ್ಲ; ಅಲಮಾರಿಯ ಒಂದು ಕಾಲಿನ ಕೆಳಗೆ ಯಾರೋ ರಟ್ಟು ಮಡಚಿ ಇಟ್ಟಿದ್ದರು. ಅದರ ಹಿಡಿಕೆ ಹೊಳೆಯುತ್ತಿತ್ತು, ಮಗಳ ಕಣ್ಣು ಸದಾ ಅದರ ಮೇಲೆ.

"ಬೀಗ ಒಡಸೂಣೇನು?" ಎಂದರು ನಮ್ಮ ಯಜಮಾನರು.

"ಒಡಸಿದ್ರ ಮನಿ ಬಿಡ್ರಿ ಅಂತಾರ. ಈ ಕೂಸಿನ್ನ ಕಟಗೊಂಡು ಎಲ್ಲಿ ಹೋಗೂಣ್ರಿ?"

ಯಜಮಾನರ ಕಂಪನಿ ಬಸ್ಸು ಬೆಳಿಗ್ಗೆ ಹಿಂಜವಾಡಿಗೆ ಹೊರಟರೆ ಕತ್ತಲಾಗುವ ತನಕ ಮನೆಯಲ್ಲಿ ನಾನು, ಮಗಳು, ಆ ಅಲಮಾರಿ.

ಒಂದು ಮಧ್ಯಾಹ್ನ ಒಗ್ಗರಣೆ ಹಾಕುತ್ತಿದ್ದೆ. ಕೋಣೆಯಲ್ಲಿ ದಡಾರನೆ ಸದ್ದಾಯಿತು. ಓಡಿದೆ. ಮಗಳು ಹಿಡಿಕೆಗೆ ಜೋತುಬಿದ್ದು ನಿಂತಿದ್ದಳು, ಅಲಮಾರಿ ಇನ್ನೂ ಓಲಾಡುತ್ತಿತ್ತು. ಮೇಲಿನ ಸೂಟ್‌ಕೇಸು ಅವಳ ಹಿಂದೆ, ಒಂದು ಗೇಣು ದೂರದಲ್ಲಿ ಬಿದ್ದಿತ್ತು. ನನ್ನನ್ನು ನೋಡಿ ಅವಳು ನಕ್ಕಳು. ಎತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಒಲೆಯ ಮೇಲೆ ಸಾಸಿವೆ ಸೀದು ಹೊಗೆ ಬಂದ ಮೇಲೆಯೇ ಎದ್ದದ್ದು.

ಮನೆಯೊಡತಿಗೆ ಫೋನು ಮಾಡಿ ಅಳುತ್ತಲೇ ನಡೆದದ್ದನ್ನು ಹೇಳಿದೆ. ಮರುದಿನ ಬೆಳಿಗ್ಗೆಯೇ ಲೋಕಲ್ ರೈಲು ಹಿಡಿದು ಅವರು ಬಂದರು. ಬಿದ್ದ ಸೂಟ್‌ಕೇಸನ್ನು ನೋಡಿದರು, ಮಗಳ ತಲೆ ಸವರಿದರು, ಬೀಗ ತೆಗೆದರು. ಒಳಗೆ ಗಂಡನ ಉಣ್ಣೆಯ ಕೋಟುಗಳು, ಸ್ವೆಟರುಗಳು, ಕೌದಿಗಳು, ಹಳೆಯ ಸ್ಟೀಲಿನ ಡಬ್ಬಿಗಳು. ಬಿಳಿ ಗುಳಿಗೆಗಳು ಮೂಲೆ ಮೂಲೆಯಲ್ಲಿ.

"ಇದನ್ನ ತಳೇಗಾಂವಕ್ಕ ಒಯ್ಯಬೇಕಿತ್ರಿ, ಕಾಕೂ," ಎಂದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಎಲ್ಲಿ ಇಡ್ಲವ್ವಾ? ಅಲ್ಲಿ ನನಗೊಂದು ಖೋಲಿ ಇಲ್ಲ. ಮೊಮ್ಮಗಳ ಮಗ್ಗಲದಾಗ ಮಲಗತೀನಿ. ನನ್ನ ಸೀರಿ ಅಕೀ ಆಟಿಗಿ ಸಾಮಾನಿನ ಡಬ್ಬಿ ಮ್ಯಾಲ ಇರ್ತಾವು." ಕೋಟೊಂದರ ಗುಂಡಿ ಹಾಕುತ್ತ ಹೇಳಿದರು, "ಇದನ್ನೂ ಖಾಲಿ ಮಾಡಿದ್ರ ಈ ಮನ್ಯಾಗ ನಂದಂತ ಏನ ಉಳೀತದ? ಅದಕ್ಕ ಬರಾಕ ಮನಸ ಆಗಲಿಲ್ಲ."

ಚಹಾ ಮಾಡಿ ತಂದೆ. ಗುಳಿಗೆಗಳನ್ನು ಆಯ್ದು ಹೊರಗೆ ಎಸೆದೆವು. ಕೋಟುಗಳಲ್ಲಿ ಒಂದನ್ನು ಮಾತ್ರ ಚೀಲಕ್ಕೆ ಹಾಕಿಕೊಂಡು, ಉಳಿದ ಕೋಟು, ಸ್ವೆಟರುಗಳನ್ನು ಮನೆಗೆಲಸದವಳಿಗೆ ಕೊಡಲು ಹೇಳಿದರು. ಕೌದಿಗಳು, ಡಬ್ಬಿಗಳು ಕೆಳಗಿನ ಅರೆಯಲ್ಲೇ ಉಳಿದವು. ಮೇಲಿನ ಅರೆಗಳನ್ನು ತೋರಿಸಿ, "ಕೂಸಿನ ಅರಿವಿ ಇಡು," ಎಂದರು. ಅಲಮಾರಿಯನ್ನು ಬಿಗಿಯಲು ಬಡಗಿಯನ್ನು ಕರೆಸಿದಾಗ ಗೋಡೆಗೆ ತೂತು ಕೊರೆಯಲೇ ಎಂದು ಅವನು ಮರಾಠಿಯಲ್ಲಿ ಕೇಳಿದ. ಅವರು ಮುಖ ಆಚೆ ತಿರುಗಿಸಿ, "ಕರ, ಕರ," ಎಂದು ಒಪ್ಪಿಗೆ ಕೊಟ್ಟರು. ಡ್ರಿಲ್ಲಿನ ಸದ್ದಿಗೆ ಮಗಳು ಕಿರುಚಿದಾಗ ಅವರೇ ಎತ್ತಿಕೊಂಡು ಬಾಲ್ಕನಿಗೆ ಹೋದರು. ಅಲಮಾರಿ ಪಟ್ಟಿಗಳಿಂದ ಗೋಡೆಗೆ ಬಿಗಿಯಾಯಿತು.

ಹೋಗುವಾಗ ಕೀಲಿ ಮೇಜಿನ ಮೇಲಿಟ್ಟರು.

ವಾಸನೆ ಹೋಗುವಷ್ಟರಲ್ಲಿ ಮಳೆಗಾಲವೇ ಮುಗಿಯಿತು. ಮಗಳ ಬಟ್ಟೆಗಳನ್ನು ಅಲ್ಲಿಡುವ ಧೈರ್ಯ ಬಂದದ್ದು ಆಮೇಲೆ. ಆದರೆ ಅವಳನ್ನು ಕೋಣೆಯ ನೆಲಕ್ಕೆ ಬಿಡುವ ಮುಂಚೆ ದಿನಾ ಬೆಳಿಗ್ಗೆ ಅಲಮಾರಿಯ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದು ಎಳೆದು ನೋಡುತ್ತಿದ್ದೆ. ಅದು ಅಲುಗುತ್ತಿರಲಿಲ್ಲ. ಆದರೂ ಇನ್ನೊಮ್ಮೆ ಎಳೆಯುತ್ತಿದ್ದೆ.