ಮೂರೂವರೆಗೆ ಹಾಕಿದ ಬಾಗಿಲು

ಎಂ.ಎ. ಎರಡನೇ ವರ್ಷದಲ್ಲಿ ನಮ್ಮ ನಾಟಕ ವಿಭಾಗದವರು ನಮ್ಮನ್ನೆಲ್ಲ ಹದಿನೈದು ದಿನದ ಮಟ್ಟಿಗೆ ಒಂದೊಂದು ಊರಿನ ರಂಗಮಂದಿರಕ್ಕೆ ಕಳಿಸಿದರು. ನನಗೆ ಬಂದದ್ದು ಬೆಂಗಳೂರು. ಬಳ್ಳಾರಿಯಿಂದ ಬಂದವಳು ಬನಶಂಕರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಇಳಿದುಕೊಂಡೆ. ಅಲ್ಲಿಂದ ದಿನಾ ಜೆ.ಪಿ. ನಗರಕ್ಕೆ ಬಸ್ಸು.

ಮೊದಲ ವಾರ ಸುಮ್ಮನೆ ಅಲೆದೆ. ಒಂದು ಅಪಾರ್ಟ್‌ಮೆಂಟಿನ ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ ಎಂಟು ಜನ ತಾಲೀಮು ಮಾಡುತ್ತಿದ್ದರು. ಕಾರು ಬಂದಾಗಲೆಲ್ಲ ರಾಜನೂ ಮಂತ್ರಿಯೂ ಗೋಡೆಗೆ ಒರಗಿ ದಾರಿ ಬಿಡುತ್ತಿದ್ದರು. ಜಯನಗರದಲ್ಲಿ ಬಾಡಿಗೆಗೆ ವೇಷ ಕೊಡುವ ಅಂಗಡಿಯೊಂದರಲ್ಲಿ ಕಿರೀಟಗಳನ್ನು ಪಾತ್ರೆಗಳ ಹಾಗೆ ಒಂದರ ಮೇಲೊಂದು ಕವುಚಿ ಇಟ್ಟಿದ್ದರು. ಎಲ್ಲ ಕಡೆ ಬಾಗಿಲಲ್ಲೇ ನಿಂತು ನೋಡಿದೆ. ಒಳಗೆ ಹೋಗಿ ಮಾತಾಡಿಸುವ ಧೈರ್ಯ ಬರಲಿಲ್ಲ. ನಾನು ಬಾಯಿ ತೆರೆದರೆ ಸಾಕು, "ನೀವು ಉತ್ತರ ಕರ್ನಾಟಕದವ್ರಾ?" ಅಂತ ಕೇಳುತ್ತಿದ್ದರು. ಅವರಿಗೆ ಅದು ಪ್ರೀತಿಯೇ ಇರಬಹುದು, ನನಗೆ ಮುಂದಿನ ಮಾತು ಮರೆತುಹೋಗುತ್ತಿತ್ತು.

ಎರಡನೇ ವಾರ ರಂಗಮಂದಿರದ ಮೇಡಂ ನನ್ನನ್ನು ಬಾಗಿಲಿಗೆ ಹಾಕಿದರು. ಟಿಕೆಟ್ ನೋಡಿ ಒಳಗೆ ಬಿಡೋದು, ಸರಿಯಾದ ಹೊತ್ತಿಗೆ ಬಾಗಿಲು ಹಾಕೋದು. ಮೇಡಂ ಹೇಳಿದ್ದು ಒಂದೇ ಮಾತು: "ಬಾಗಿಲು ಹಾಕಿದ ಮೇಲೆ ನಮ್ಮಪ್ಪ ಬಂದ್ರೂ ಬಿಡ್ಬೇಡ." ಎಲ್ಲರಿಗೂ ಹೇಳುವಂತೆ ನನಗೂ ಹೇಳಿದ್ದರು. ನಾನೂ ನಕ್ಕಿದ್ದೆ.

ಆ ವಾರ ಶುಕ್ರವಾರ, ಶನಿವಾರ, ಭಾನುವಾರ ಒಂದೇ ನಾಟಕ. ಊರು ಬೆಳೆದು ಹೊಲ ಹೋಗಿ, ಆ ಜಾಗದಲ್ಲಿ ಬಾಡಿಗೆ ಮನೆ ಕಟ್ಟಿಸಿಕೊಂಡ ಓನರ್ ಒಬ್ಬನ ಕತೆ. ಅವನು ಬೆಳಗಾದರೆ ನೀರಿನ ಮೋಟರ್ ಆರಿಸುತ್ತಾನೆ, ಬಾಡಿಗೆಯವರ ಬಾಗಿಲು ಬಡಿದು "ಯಾರು ಬಂದಿದ್ರು?" ಅಂತ ವಿಚಾರಿಸುತ್ತಾನೆ, ಗಂಟಲು ಸರಿಮಾಡಿಕೊಂಡು ಟವಲ್ಲನ್ನು ಎಡ ಹೆಗಲಿಂದ ಬಲ ಹೆಗಲಿಗೆ ಹಾಕಿಕೊಂಡು "ಆಯ್ತು ಬಿಡು" ಅನ್ನುತ್ತಾನೆ. ಆ ಓನರ್ ಪಾತ್ರ ಮಾಡಿದ್ದು ನನಗಿಂತ ಮೂರು ವರ್ಷ ದೊಡ್ಡವಳಾದ ಒಬ್ಬ ಹುಡುಗಿ. ಪಂಚೆ ಕಟ್ಟಿ ಮೀಸೆ ಅಂಟಿಸಿಕೊಂಡು ಬಂದರೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಎರಡು ದಿನ ನಾನೂ ಒಳಗೆ ನಿಂತು ನಕ್ಕೆ.

ಭಾನುವಾರ ಕೊನೆಯ ಪ್ರದರ್ಶನ, ಮಧ್ಯಾಹ್ನ ಮೂರೂವರೆಗೆ. ಬಣ್ಣ ಹಚ್ಚಿಕೊಳ್ಳುವ ಮೊದಲು ಅವಳು ನನ್ನ ಹತ್ತಿರ ಬಂದು ಹೇಳಿದಳು: "ಇವತ್ತು ನಮ್ಮಪ್ಪ ಬರ್ತಾರೆ. ಬೇಗೂರಿಂದ. ನಾನು ನಾಟಕಕ್ಕೆ ಸೇರಿದಾಗಿಂದ ಒಂದು ಸಲಾನೂ ಬಂದಿಲ್ಲ. ಮೂರನೇ ಸಾಲಲ್ಲಿ ಕೂರಿಸಿ, ಪ್ಲೀಸ್."

ಮೂರೂ ಇಪ್ಪತ್ತೆಂಟರವರೆಗೆ ಗೇಟಿನ ಕಡೆ ನೋಡಿದೆ. ಮೂರೂವರೆಗೆ ಮೇಡಂ ಕೈ ಎತ್ತಿದರು. ಬಾಗಿಲು ಹಾಕಿ, ಅವತ್ತು ಹೊರಗೇ ನಿಂತೆ.

ಏಳೋ ಎಂಟೋ ನಿಮಿಷ ಆಗಿರಬೇಕು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಶರ್ಟು, ಹೆಗಲ ಮೇಲೊಂದು ಟವಲ್ಲು ಹಾಕಿಕೊಂಡಿದ್ದ ಒಬ್ಬರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಟಿಕೆಟ್ಟು.

"ಸುರು ಆಗೋಯ್ತಾ ಅಮ್ಮ? ಆಟೋದೋನು ಜೆ.ಪಿ. ನಗರ ಏಳ್ನೇ ಫೇಸು, ಒಂದ್ನೇ ಫೇಸು ಅಂತ ಸುತ್ತಾಡಿಸ್ಬುಟ್ಟ. ಮಗ್ಳು ಮಾಡ್ತಾವ್ಳೆ."

"ಅಂಕಲ್, ಬಾಗಿಲು ಹಾಕಿಬಿಟ್ಟೀವಿ."

"ಒಳ್ಗೆ ಕತ್ಲೆ ಇರ್ತದಲ್ಲ. ಹಿಂದೆ ನಿಂತ್ಕೊಂಡೇ ನೋಡ್ತೀನಿ."

ನಾನು ಮೇಡಂ ಹತ್ತಿರ ಓಡಿದೆ. ಯಾರ ಅಪ್ಪ, ಎಷ್ಟು ವರ್ಷದ ಮೇಲೆ ಬಂದಿದ್ದಾರೆ, ಎಲ್ಲ ಹೇಳಿದೆ. ಅವರ ಮುಖ ಸಣ್ಣದಾಯಿತು. ಆದರೂ ತಲೆಯಾಡಿಸಿದರು. "ಹೋದ ವಾರ ಒಬ್ಬ ಗರ್ಭಿಣೀನ ವಾಪಸ್ ಕಳಿಸಿದ್ದೀನಿ ಕಣೇ. ಇವತ್ತು ಇವ್ರನ್ನ ಹೇಗೆ ಬಿಡ್ಲಿ? ಕೂರಿಸಿ ಕಾಫಿ ಕೊಡ್ಸು."

ವಾಪಸ್ ಬಂದಾಗ ಬಾಗಿಲ ಹಿಡಿಯ ಮೇಲೆ ಕೈ ಇಟ್ಟೆ. ಮೆಲ್ಲಗೆ ಎಳೆದಿದ್ದರೆ ಸದ್ದೂ ಆಗುತ್ತಿರಲಿಲ್ಲ. ಎಳೆಯಲಿಲ್ಲ. ಇನ್ನು ಮೂರು ದಿನಕ್ಕೆ ಮೇಡಂ ನನ್ನ ಬಗ್ಗೆ ವಿಭಾಗಕ್ಕೆ ವರದಿ ಬರೆಯುವವರಿದ್ದರು. ಅದನ್ನೂ ಆ ಗಳಿಗೆಯಲ್ಲಿ ಯೋಚಿಸಿದ್ದೆ, ಸುಳ್ಳು ಯಾಕೆ ಹೇಳಲಿ.

ಅವರು ಜಗಳ ಮಾಡಲಿಲ್ಲ. ಗಂಟಲು ಸರಿಮಾಡಿಕೊಂಡರು. ಟವಲ್ಲನ್ನು ಎಡ ಹೆಗಲಿಂದ ತೆಗೆದು ಬಲಕ್ಕೆ ಹಾಕಿಕೊಂಡು "ಆಯ್ತು ಬಿಡು" ಅಂದರು.

ಎರಡು ದಿನ ನಾನು ನಕ್ಕಿದ್ದು ಯಾರನ್ನು ನೋಡಿ ಅಂತ ಆಗ ತಿಳಿಯಿತು.

ಬಾಗಿಲ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತರು. ಒಳಗಿನ ಮಾತು ಹೊರಗೆ ಕೇಳುತ್ತಿರಲಿಲ್ಲ. ಕೇಳುತ್ತಿದ್ದದ್ದು ನಗು ಮಾತ್ರ.

"ಈಗ ಮಗ್ಳು ಬಂದವ್ಳಾ?"

"ಹೌದು ಅಂಕಲ್."

ಮತ್ತೆ ನಗು. ಅವರ ಮುಖ ಅರಳಿತು. "ನಗುಸ್ತಾವ್ಳೆ ನೋಡು! ಚಿಕ್ಕೋಳಾಗಿದ್ದಾಗ್ಲೂ ಹಿಂಗೇ. ಮನೆಗ್ ಬಂದೋರ್ನೆಲ್ಲ ಅಣಕ್ಸೋಳು. ನಾನು ಬೈತಿದ್ದೆ." ಒಳಗೆ ನಗು ಏಳುವಾಗಲೆಲ್ಲ ಅವರೂ ನಗುತ್ತಿದ್ದರು. ಏನು ಮಾತು, ಯಾಕೆ ನಗು, ಒಂದೂ ಗೊತ್ತಿಲ್ಲದೆ, ಕೈಯಲ್ಲಿ ಕಾಫಿ ಹಿಡಿದುಕೊಂಡು, ಮಗಳ ಜೊತೆ ನಗುವ ಹಾಗೆ.

ಒಂದು ಗಂಟೆ ಕಳೆದ ಮೇಲೆ ಒಳಗೆ ಪೂರ್ತಿ ಸದ್ದಡಗಿತು.

"ಮುಗೀತಾ?"

ಮುಗಿದಿರಲಿಲ್ಲ. ಕೊನೆಯ ದೃಶ್ಯ ನಡೆಯುತ್ತಿತ್ತು. ಅದರಲ್ಲಿ ಮಾತಿಲ್ಲ. ಇಡೀ ನಾಟಕದಲ್ಲಿ ಯಾರೂ ನಗದ ದೃಶ್ಯ ಅದೊಂದೇ, ಹಿಂದಿನ ದಿನ ನನ್ನ ಪಕ್ಕದಲ್ಲಿದ್ದವರು ಅತ್ತಿದ್ದರು. ಅದನ್ನಾದರೂ ಇವರಿಗೆ ಕೊಡೋಣ ಅನ್ನಿಸಿತು. ಇಷ್ಟು ಹೊತ್ತು ಏನೂ ಮಾಡಲಾಗದೆ ನಿಂತಿದ್ದಕ್ಕೆ ಇದೊಂದು ದಾರಿ ಸಿಕ್ಕಂತಾಯಿತು.

"ಈಗ ಮನೆ ಓನರ್ ಹಿತ್ತಲಿಗೆ ಬರ್ತಾನ್ರೀ," ಅಂದೆ. "ಯಾರೂ ಇಲ್ಲ ಅಂತ ನೋಡಿ, ನೆಲಕ್ಕೆ ಹಾಸಿದ್ದ ಒಂದು ಕಲ್ಲು ಎಬ್ಬಿಸ್ತಾನೆ. ಕೆಳಗಿನ ಮಣ್ಣು ಕೈಯಲ್ಲಿ ಪುಡಿ ಮಾಡ್ತಾನೆ. ಜೇಬಿಂದ ನಾಕು ಅವರೆ ಬೀಜ ತೆಗೆದು ಊರ್ತಾನೆ."

ಅವರು ಕಾಫಿ ಲೋಟ ಕೆಳಗಿಟ್ಟರು. "ಅವರೆ ಬೀಜಾನಾ?"

"ಹೌದ್ರೀ."

"ಆ ಓನರ್ ಪಾರ್ಟು ಯಾರ್ದು?"

ಆಗಲೇ ನನಗೆ ಹೊಳೆದದ್ದು, ನಾನು ಏನು ಹೇಳಿಬಿಟ್ಟೆ ಅಂತ. ಆದರೆ ಹೇಳದೆ ಇರಲೂ ಆಗಲಿಲ್ಲ. "ನಿಮ್ಮ ಮಗಳದೇ," ಅಂದೆ.

ಅವರು ಬಾಗಿಲನ್ನೇ ನೋಡಿದರು. "ಅಂದ್ರೆ ಇಷ್ಟೊತ್ತು ಎಲ್ರೂ ನಕ್ಕಿದ್ದು..."

ಇಲ್ಲ ಅಂಕಲ್, ಅದು ಹಾಗಲ್ಲ, ಈಗ ಒಳಗೆ ಯಾರೂ ನಗ್ತಾ ಇಲ್ಲ, ಅದನ್ನ ನೀವು ನೋಡಬೇಕಿತ್ತು: ಎಲ್ಲ ನಾಲಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಅವರು ಎದ್ದು ಪಂಚೆ ಕೊಡವಿದರು. "ಬತ್ತೀನಮ್ಮ. ಬಸ್ಸು ಸಿಕ್ಕಲ್ಲ ಆಮೇಲೆ." ನಾಲ್ಕು ಮುಕ್ಕಾಲಿಗೆ ಹತ್ತಿರದ ಬೇಗೂರಿಗೆ ಬಸ್ಸು ಸಿಗದೆ ಇರುತ್ತದೆಯೇ? "ಇನ್ನೈದು ನಿಮಿಷ ಇರ್ರಿ, ಅಕ್ಕ ಬರ್ತಾರ," ಅಂತ ಮೆಟ್ಟಿಲವರೆಗೆ ಹಿಂದೆ ಹೋದೆ. ನಿಲ್ಲಲಿಲ್ಲ. ಗೇಟು ದಾಟುವಾಗ ಒಳಗೆ ಚಪ್ಪಾಳೆ ಶುರುವಾಯಿತು.

ಅವಳು ಮೀಸೆ ಕೂಡ ತೆಗೆಯದೆ ಓಡಿ ಬಂದಳು. "ಮೂರನೇ ಸಾಲು ಖಾಲಿ ಇತ್ತು. ಬರ್ಲೇ ಇಲ್ವಾ?"

ನಡೆದದ್ದೆಲ್ಲ ಹೇಳಿದೆ. ಬಾಗಿಲು, ನಗು, ಅವರೆ ಬೀಜ, ಅವರು ಕೇಳಿದ ಪ್ರಶ್ನೆ. ಅವಳು ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೆಂಚಿನ ಮೇಲೆ ಕೂತು ಬೆವರಿಗೆ ಅಂಟು ಬಿಟ್ಟಿದ್ದ ಮೀಸೆಯನ್ನು ಕಿತ್ತಳು.

"ಅದು ಅಪ್ಪ ನಿಜವಾಗ್ಲೂ ಮಾಡಿದ್ದು," ಅಂದಳು. "ನಾನು ಟೆರೇಸಿಂದ ನೋಡಿದ್ದೆ. ನೋಡಿದ್ದು ಅವ್ರಿಗೆ ಗೊತ್ತಿಲ್ಲ. ಅದು ತೋರಿಸೋಕೇ ಇವತ್ತು ಕರೆದಿದ್ದು."

ಫೋನ್ ಮಾಡಿದಳು. ಮೊದಲ ಸಲ ಎತ್ತಲಿಲ್ಲ. ಎರಡನೇ ಸಲ ಎತ್ತಿದರು. ನಾನು ಪಕ್ಕದಲ್ಲೇ ಇದ್ದೆ, ಬಸ್ಸಿನ ಗದ್ದಲದ ನಡುವೆ ಅವರ ದನಿ ನನಗೂ ಕೇಳಿಸಿತು. "ಚೆನ್ನಾಗ್ ನಗುಸ್ದೆ ಕಣವ್ವ. ಏನೂ ಕೇಳುಸ್ತಿಲ್ಲ ಇಲ್ಲಿ, ಮಡುಗ್ತೀನಿ."

ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡಳು. ಒಳಗೆ ಸೆಟ್ಟು ಬಿಚ್ಚುವ ಸುತ್ತಿಗೆ ಸದ್ದು. ನಾನು ಪಕ್ಕದಲ್ಲಿ ಕೂತೆ. ಯಾರೋ ಕರೆದರು, ಅವಳು ಎದ್ದು ಒಳಗೆ ಹೋದಳು. ಬುಧವಾರ ನಾನು ಬಳ್ಳಾರಿ ರೈಲು ಹತ್ತಿದೆ. ಅಪ್ಪ ಮಗಳು ಆಮೇಲೆ ಆ ಮಾತು ಎತ್ತಿದರೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.